ಊರಲ್ಲೇ ಜೀಪ್ ಗ್ಯಾರೇಜ್ ಹಾಕ್ಬೇಕು ಅಂತಿದೀನಿ, 5 ಲಕ್ಷ ಸಾಕಾಗುತ್ತಾ?

ಪ್ರಶ್ನೆ: ಅಣ್ಣಾ, ಬೆಂಗಳೂರಲ್ಲಿ ಗ್ಯಾರೇಜಲ್ಲಿ 6 ವರ್ಷ ಕೆಲ್ಸ ಮಾಡಿದೀನಿ. ಈಗ ಕೊಡಗಿನ ಮಾದಾಪುರ ಕಡೆ ನಮ್ಮೂರಿಗೆ ವಾಪಸ್ ಬಂದು ಆಫ್-ರೋಡ್ ಗಾಡಿಗಳ ಚಿಕ್ಕ ಗ್ಯಾರೇಜ್ ಹಾಕೋ ಪ್ಲಾನ್ ಇದೆ. ಕೈಲಿ 5 ಲಕ್ಷ ಇದೆ. ಸಾಕಾಗುತ್ತಾ, ಏನೇನು ನೋಡ್ಕೋಬೇಕು?

ವರ್ಷಕ್ಕೆ ನಾಲ್ಕೈದು ಹುಡುಗ್ರು ಇದನ್ನೇ ಕೇಳ್ತಾರೆ, ಅದಕ್ಕೇ ಒಂದ್ಸಲ ಕೂತು ಬರೆದ್ಬಿಡ್ತೀನಿ. ಶೆಡ್ ಬಾಡಿಗೆಗೆ ತಗೊಂಡ್ರೆ ಸಾಕಾಗುತ್ತೆ, ಕಟ್ಟೋಕೆ ಹೋದ್ರೆ ಸಾಕಾಗಲ್ಲ. ಸ್ವಂತ ಜಾಗ ಇದ್ರೂ, ಅದು ಕೃಷಿ ಭೂಮಿ ಆಗಿದ್ರೆ ಕನ್ವರ್ಷನ್ ಬೇಕು, ಜಮ್ಮಾ ಬಾಣೆ (ಕೊಡಗಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಆಗಿದ್ರೆ ಪಹಣಿ ಅಂದ್ರೆ ಆರ್‌ಟಿಸಿಲಿ ಅಜ್ಜನ ಕಾಲದಿಂದ ಇರೋ ಹತ್ತಾರು ಹೆಸರು, ಬ್ಯಾಂಕಿನವರು ಅದನ್ನ ನೋಡಿದ ಕೂಡ್ಲೇ ಫೈಲ್ ಪಕ್ಕಕ್ಕಿಡ್ತಾರೆ. ಮೊದಲೆರಡು ವರ್ಷ ಬಾಡಿಗೇಲೇ ಇರಿ.

ಆಫ್-ರೋಡ್ ಅಂದ್ರೆ ನಿಮ್ಮ ತಲೇಲಿ ದೊಡ್ಡ ಟೈರು, ವಿಂಚು, ಲಿಫ್ಟ್ ಮಾಡಿಸಿರೋ ಥಾರ್ ಓಡ್ತಿದ್ರೆ ಅದನ್ನ ಸ್ವಲ್ಪ ಕೆಳಗಿಳಿಸಿ. ಇಲ್ಲಿ ಅನ್ನ ಹಾಕೋದು ತೋಟದ ಜೀಪು. ಹಳೇ ಮಹೀಂದ್ರಾ ಫೈವ್ ಫಾರ್ಟಿ, ಮೇಜರ್, ಮಾರುತಿ ಜಿಪ್ಸಿ, ಬೊಲೆರೊ ಕ್ಯಾಂಪರ್, ಗೊಬ್ಬರನೂ ಅದರಲ್ಲೇ, ಕಾಫಿ ಮೂಟೆನೂ ಅದರಲ್ಲೇ, ಕೆಲಸದವರೂ ಅದರಲ್ಲೇ. ಅದರ ಜೊತೆ ಮಾಂದಲಪಟ್ಟಿ ಬೆಟ್ಟಕ್ಕೆ ಟೂರಿಸ್ಟ್ ಹೊಡಿಯೋ ಜೀಪುಗಳು. ಮಾಡಿಫಿಕೇಷನ್‌ನಲ್ಲಿ ದುಡ್ಡು ಕಾಣುತ್ತೆ ನಿಜ, ಆದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರ ಜನವರಿಲಿ ಸುಪ್ರೀಂ ಕೋರ್ಟೂ ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಾಯ್ಸಂಗಿಲ್ಲ ಅಂತ ಹೇಳಿದೆ. ಎಫ್‌ಸಿಗೆ ಅಂದ್ರೆ ಫಿಟ್ನೆಸ್ ಸರ್ಟಿಫಿಕೇಟಿಗೆ ಹೋದ ಗಾಡಿ ಅಲ್ಲಿ ನಿಂತ್ರೆ ಬೈಗುಳ ತಿನ್ನೋದು ನೀವೇ.

ಇನ್ನು ಕೆಲಸದ ವಿಷ್ಯ. ಬೆಂಗಳೂರಲ್ಲಿ ಕಲಿಯದೇ ಇರೋದು ಇಲ್ಲಿ ಒಂದಿದೆ, ನೀರು. ನಂದೇ ಕಥೆ ಹೇಳ್ತೀನಿ. ಮೊದಲ ಮಳೆಗಾಲದಲ್ಲಿ ಒಬ್ಬರು ಸಾವ್ಕಾರ್ರ ಜೀಪು ಹಿಂದಿನ ಹೌಸಿಂಗ್ (ಆಕ್ಸಲ್ ಗೇರುಗಳು ಕೂರೋ ಪೆಟ್ಟಿಗೆ) ಕೊರಗುಟ್ತಿದೆ ಅಂತ ಬಂತು, ಅದರೊಳಗಿನ ಪಿನಿಯನ್ ಬೇರಿಂಗ್ ಹಾಕಿ ಕಳಿಸಿದೆ, ತಿಂಗಳೊಳಗೆ ಅದೇ ಸದ್ದು, ಮತ್ತೆ ಹಾಕಿದೆ, ಎರಡನೇ ಸಲ ಕೂಲಿ ಕೇಳೋಕೂ ಮುಖ ಇರ್ಲಿಲ್ಲ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಇಳಿದಿದ್ದು ಗೇರ್ ಆಯಿಲ್ ಅಲ್ಲ, ಹಾಲು ಜಾಸ್ತಿಯಾದ ಕಾಫಿ ಥರ ಬೆಳ್ಳಗೆ ನೊರೆ ನೊರೆ. ಆಮೇಲೆ ಬ್ರೀದರ್, ಅಂದ್ರೆ ಹೌಸಿಂಗ್ ಉಸಿರಾಡೋ ಚಿಕ್ಕ ತೂತು, ನೋಡಿದ್ರೆ ಕೆಸರು ಗಟ್ಟಿಯಾಗಿ ಕೂತಿದೆ. ಆಗೋದು ಏನಂದ್ರೆ, ಗಾಡಿ ಓಡಿ ಹೌಸಿಂಗ್ ಬಿಸಿಯಾಗಿರುತ್ತೆ, ತೋಡಿನ (ಹಳ್ಳದ) ತಣ್ಣೀರಿಗೆ ಇಳಿಸಿದ ಕೂಡ್ಲೇ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರಿಂದ ಗಾಳಿ ಬರ್ಲಿಲ್ಲ ಅಂದ್ರೆ ಹಳೇ ಆಯಿಲ್ ಸೀಲ್ ಸಂದಿಯಿಂದ ನೀರನ್ನೇ ಎಳ್ಕೊಳ್ಳುತ್ತೆ. ಬ್ರೀದರ್ ಸರಿ ಇದ್ರೂ ಅದೇ ನೀರೊಳಗೆ ಮುಳುಗಿದ್ರೆ ಅಲ್ಲಿಂದ್ಲೇ ಕುಡಿಯುತ್ತೆ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಹಾಕಿ ಚಾಸಿ ಮೇಲಕ್ಕೆ ತಂದು ಕಟ್ಟಿದ್ರೆ ಅರ್ಧ ತಲೆನೋವು ಹೋಯ್ತು. ಮಳೆಗಾಲದಲ್ಲಿ ಯಾವ ಜೀಪು ಬಂದ್ರೂ ಮೊದಲು ಆಯಿಲ್ ಬಣ್ಣ ನೋಡಿ, ಆಮೇಲೆ ಬ್ರೇಕ್ ಡ್ರಮ್ ಬಿಚ್ಚಿ, ಕೆಸರು ತುಂಬಿ ವೀಲ್ ಸಿಲಿಂಡರ್ ಜಾಮ್ ಆಗಿರುತ್ತೆ, ಈ ಇಳಿಜಾರಲ್ಲಿ ಬ್ರೇಕ್ ಬಿಟ್ಟು ಬೇರೆ ಏನು ರಿಪೇರಿ ಮಾಡಿದ್ರೂ ಪ್ರಯೋಜನ ಇಲ್ಲ.

ಇನ್ನೊಂದು, ಡ್ರೈವರ್‌ಗಳು ಕಾಡು ದಾರೀಲಿ ಫೋರ್ ವೀಲ್ ಹಾಕಿದವರು ಟಾರ್ ರೋಡಿಗೆ ಬಂದ್ಮೇಲೂ ತೆಗೆಯಲ್ಲ. ಈ ಹಳೇ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ಎರಡೂ ಒಂದಕ್ಕೊಂದು ಲಾಕ್ ಆಗಿರುತ್ತೆ, ತಿರುವಲ್ಲಿ ಚಕ್ರ ಜಾರೋಕೆ ಕೆಸರು ಇಲ್ಲ, ಸ್ಟ್ರೈನ್ ಎಲ್ಲಾ ಶಾಫ್ಟ್ ತುದಿಯ ಜಾಯಿಂಟ್ ಕ್ರಾಸ್ ಮೇಲೆ, ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಮೇಲೆ. ಕ್ರಾಸ್ ಪದೇ ಪದೇ ಹೋಗೋ ಗಾಡಿ ಬಂದ್ರೆ ಗಾಡಿನ ಬಿಟ್ಟು ಡ್ರೈವರ್‌ನ ಮಾತಾಡ್ಸಿ.

ಶೆಡ್‌ನಲ್ಲಿ ಪಿಟ್ ತೋಡಿಸ್ಬೇಡಿ. ಜುಲೈಲಿ ಒರತೆ ಎದ್ದು ಕೆರೆ ಆಗುತ್ತೆ. ಅದರ ಬದ್ಲು ಎರಡು ಕಾಂಕ್ರೀಟ್ ದಿಬ್ಬ ಕಟ್ಸಿ ಗಾಡಿ ಹತ್ಸಿ. ಒಳ್ಳೆ ಟ್ರಾಲಿ ಜಾಕು, ಅದಕ್ಕಿಂತ ಮುಖ್ಯವಾಗಿ ನಾಲ್ಕು ಆಕ್ಸಲ್ ಸ್ಟ್ಯಾಂಡು, ಬೇರಿಂಗ್ ಪುಲ್ಲರ್, ಟಾರ್ಕ್ ರೆಂಚ್, ಚೈನ್ ಪುಲ್ಲಿ, ವೆಲ್ಡಿಂಗ್ ಸೆಟ್ಟು, ಕಂಪ್ರೆಸರ್. ಮಳೇಲಿ ಕರೆಂಟ್ ಮೂರು ದಿನ ಬರ್ದೇ ಇರೋದು ನಿಮಗೇ ಗೊತ್ತು, ಸೆಕೆಂಡ್ ಹ್ಯಾಂಡ್ ಆದ್ರೂ ಒಂದು ಜನರೇಟರ್ ಇರ್ಲಿ. ಸ್ಪೇರ್ಸ್ ಹೆಚ್ಚಿಗೆ ತುಂಬ್ಸೋಕೆ ಹೋಗ್ಬೇಡಿ, ಸೀಲು, ಕ್ರಾಸು, ವೀಲ್ ಸಿಲಿಂಡರ್ ಕಿಟ್ಟು, ಗ್ರೀಸು, 80-90 ಗೇರ್ ಆಯಿಲ್ ಸಾಕು, ಉಳಿದಿದ್ದು ಮೈಸೂರಿಂದ ಬಸ್ಸಲ್ಲಿ ಪಾರ್ಸೆಲ್ ಬರುತ್ತೆ. ಬಿಚ್ಚಿದ ಬೇರಿಂಗ್ ಮೇಲಿರೋ ನಂಬರ್ ಬುಕ್ಕಲ್ಲಿ ಬರ್ದಿಟ್ಕೊಳ್ಳಿ, ಮುಂದಿನ ಸಲ ಬಿಚ್ಚೋ ಮುಂಚೆನೇ ಆರ್ಡರ್ ಮಾಡ್ಬಹುದು. ಹಳೇ ಆಯಿಲ್ ಬ್ಯಾರೆಲ್‌ಗೆ ತುಂಬ್ಸಿ ಲೈಸೆನ್ಸ್ ಇರೋ ರೀಸೈಕ್ಲರ್‌ಗೇ ಕೊಡಿ, ತೋಡಿಗೆ ಬಿಟ್ರೆ ಹಾರಂಗಿಗೆ, ಅಲ್ಲಿಂದ ಕಾವೇರಿಗೆ.

ಪಂಚಾಯ್ತಿ ಲೈಸೆನ್ಸ್ ಬೇಕೇ ಬೇಕು. ಉದ್ಯಮ್ ರಿಜಿಸ್ಟ್ರೇಷನ್ (ಚಿಕ್ಕ ಉದ್ಯಮಗಳ ಸರ್ಕಾರಿ ನೋಂದಣಿ) ಆನ್‌ಲೈನಲ್ಲಿ ಫ್ರೀ, ಯಾರಿಗೂ ದುಡ್ಡು ಕೊಡ್ಬೇಡಿ. ಜಿಎಸ್‌ಟಿ ವರ್ಷದ ವ್ಯವಹಾರ 20 ಲಕ್ಷ ದಾಟೋವರೆಗೆ ತಲೆಕೆಡಿಸ್ಕೋಬೇಡಿ. ಸಾಲ ಬೇಕಾದ್ರೆ ಪಿಎಂಇಜಿಪಿ ಅನ್ನೋ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲದ ಯೋಜನೆ ನೋಡಿ, ಸರ್ವಿಸ್ ಘಟಕಕ್ಕೆ 20 ಲಕ್ಷದವರೆಗಿನ ಪ್ರಾಜೆಕ್ಟು, ಹಳ್ಳೀಲಿ ಜನರಲ್‌ನವರಿಗೆ 25% ಸಬ್ಸಿಡಿ, ಎಸ್‌ಸಿ, ಎಸ್‌ಟಿ, ಒಬಿಸಿ, ಹೆಂಗಸರು, ಮಾಜಿ ಸೈನಿಕರಿಗೆ 35%. ನಮ್ಮ ಕಡೆ ಮನೇಲಿ ಮಿಲಿಟರಿಯಿಂದ ರಿಟೈರ್ ಆದವರು ಇದ್ದೇ ಇರ್ತಾರಲ್ಲ, ಪಾರ್ಟ್‌ನರ್ ಆಗಿ ಸೇರ್ಸಿದ್ರೆ ಆ 35% ಸಿಗಲ್ಲ, ಅರ್ಜಿ ಅವರ ಹೆಸರಲ್ಲೇ ಇರ್ಬೇಕು. ಗ್ಯಾರೇಜ್ ಶುರು ಮಾಡೋ ಮುಂಚೆ ಅರ್ಜಿ ಹಾಕಿ, ಓಡ್ತಿರೋ ಅಂಗಡಿಗೆ ಕೊಡಲ್ಲ.

ಕಡೇದಾಗಿ ಉದ್ರಿ. ಇಲ್ಲಿ ದುಡ್ಡು ಕಾಫಿ ಕೊಟ್ಟಾಗ ಬರುತ್ತೆ, ಮೇ ತಿಂಗಳ ರಿಪೇರಿಗೆ ಮುಂದಿನ ಫೆಬ್ರವರಿ ತೋರಿಸ್ತಾರೆ, ಮೋಸ ಅಲ್ಲ, ಪದ್ಧತಿ. ನಾನು ಮಾಡ್ಕೊಂಡಿದ್ದು ಇಷ್ಟೇ, ಪಾರ್ಟ್ಸ್ ದುಡ್ಡು ಮೊದಲು, ಕೂಲಿ ಬೇಕಾದ್ರೆ ಕಾಫಿ ಕೊಟ್ಮೇಲೆ. ಬೇಜಾರ್ ಮಾಡ್ಕೊಂಡು ಹೋದವರೂ ಇದಾರೆ, ಜೀಪು ತೋಟದೊಳಗೆ ನಿಂತಾಗ ಅವರೇ ಫೋನ್ ಮಾಡಿದ್ದೂ ಇದೆ. ಆ 5 ಲಕ್ಷದಲ್ಲಿ ಒಂದು ಲಕ್ಷ ಮುಟ್ಟದೇ ಇಡಿ, ಈ ಉದ್ರಿ ತಿಂಗಳುಗಳಿಗೆ. ಓಪನಿಂಗು ಸೆಪ್ಟೆಂಬರ್ ಕೊನೇಲಿ ಇಟ್ಕೊಳ್ಳಿ, ಮಳೆ ಬಿಟ್ಟು ಕಾಫಿ ಕುಯ್ಲು ಶುರು ಆಗೋ ಮುಂಚೆ ಎಲ್ಲರೂ ಜೀಪು ಹೊರಗೆ ತೆಗೀತಾರೆ.