ಆನೆಯಿರವಿನ ಮೇಲೆ ಮೂರು ಕದನ: ಶ್ರೀಲಂಕಾ ಅಂತರ್ಯುದ್ಧ ಸಾಗಿಬಂದ ದಾರಿ

ಶ್ರೀಲಂಕಾದ ಉತ್ತರ ತುದಿಯಲ್ಲಿರುವ ಜಾಫ್ನಾ ಪರ್ಯಾಯದ್ವೀಪವು ಉಳಿದ ನಾಡಿಗೆ ಅಂಟಿಕೊಂಡಿರುವುದು ಕೊರಳಿನಷ್ಟು ಸಣ್ಣ ನೆಲದಿಂದ. ಎರಡೂ ಬದಿಗೆ ಆಳವಿಲ್ಲದ ಉಪ್ಪುನೀರು, ನಡುವೆ ಒಂದು ಹೆದ್ದಾರಿ, ಅದರ ಮಗ್ಗುಲಲ್ಲೇ ರೈಲು ಹಳಿ, ಸುತ್ತ ಉಪ್ಪಿನಾಗರ. ಹಿಂದಿನ ಕಾಲದಲ್ಲಿ ದಕ್ಷಿಣಕ್ಕಿರುವ ವನ್ನಿ ಪ್ರದೇಶದ ಕಾಡಿನಲ್ಲಿ ಹಿಡಿದ ಆನೆಗಳನ್ನು ಈ ನೀರು ದಾಟಿಸಿ, ಜಾಫ್ನಾ ಮೂಲಕ ಹಡಗು ಹತ್ತಿಸಿ ಹೊರದೇಶಗಳಿಗೆ ಮಾರುತ್ತಿದ್ದರು. ತಮಿಳಿನಲ್ಲಿ ಈ ಜಾಗದ ಹೆಸರು ಆನೆಯಿರವು. ಅದರ ಮೊದಲರ್ಧವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಪತ್ರಿಕೆಗಳು ಇದನ್ನು ಎಲಿಫೆಂಟ್ ಪಾಸ್ ಎಂದೇ ಬರೆದವು. 1983ರಿಂದ 2009ರವರೆಗೆ ನಡೆದ ಅಂತರ್ಯುದ್ಧದಲ್ಲಿ ಈ ಜಾಗಕ್ಕಾಗಿ ಮೂರು ಬಾರಿ ಕದನ ನಡೆಯಿತು. ಆ ಮೂರನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇಡೀ ಯುದ್ಧ ಹೇಗೆ ದಿಕ್ಕು ಬದಲಿಸಿತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಬಹುಸಂಖ್ಯಾತ ಸಿಂಹಳೀಯರು ಮತ್ತು ಅಲ್ಪಸಂಖ್ಯಾತ ತಮಿಳರ ನಡುವಿನ ಜಗಳದ ಬೇರು ಯುದ್ಧಕ್ಕಿಂತ ಹಳೆಯದು. 1956ರಲ್ಲಿ ಸಿಂಹಳವನ್ನು ಏಕೈಕ ಅಧಿಕೃತ ಭಾಷೆಯನ್ನಾಗಿ ಮಾಡಿದ ಕಾನೂನು, 1970ರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ವಿದ್ಯಾರ್ಥಿಗಳಿಂದ ಹೆಚ್ಚು ಅಂಕ ಕೇಳಿದ ಹೊಸ ಅಳತೆಗೋಲು, 1981ರಲ್ಲಿ ಸುಟ್ಟುಹೋದ ಜಾಫ್ನಾ ಸಾರ್ವಜನಿಕ ಗ್ರಂಥಾಲಯ, ಇವೆಲ್ಲ ಸೇರಿ ತಮಿಳು ಯುವಕರಲ್ಲಿ ಸಂಸದೀಯ ರಾಜಕಾರಣದ ಮೇಲಿದ್ದ ನಂಬಿಕೆಯನ್ನು ಸವೆಸಿದವು. 1983ರ ಜುಲೈ 23ರ ರಾತ್ರಿ ಜಾಫ್ನಾ ಬಳಿಯ ತಿರುನೆಲ್ವೇಲಿಯಲ್ಲಿ ವೇಲುಪಿಳ್ಳೈ ಪ್ರಭಾಕರನ್ ಕಟ್ಟಿದ, ‘ಹುಲಿಗಳು’ ಎಂದು ಹೆಸರಾದ ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ ಹೊಂಚುಹಾಕಿ 13 ಸೈನಿಕರನ್ನು ಕೊಂದಿತು. ಮರುದಿನದಿಂದ ಕೊಲಂಬೊ ಮತ್ತು ಇತರ ಊರುಗಳಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ‘ಕಪ್ಪು ಜುಲೈ’ ಎಂದು ಹೆಸರಾದ ಆ ವಾರದ ಹತ್ಯಾಕಾಂಡವು ಕೆಲವೇ ಡಜನ್ ಬಂದೂಕುಧಾರಿಗಳಿದ್ದ ಒಂದು ಗುಂಪಿಗೆ ಸಾವಿರಾರು ಯುವಕರನ್ನು ಒದಗಿಸಿಕೊಟ್ಟಿತು.

ಮೊದಲ ನಾಲ್ಕು ವರ್ಷ ನಡೆದದ್ದು ಬಹುಪಾಲು ಗೆರಿಲ್ಲಾ ಹೋರಾಟ. ಸೇನೆ ತುಕಡಿಗಟ್ಟಲೆ ಸೇರಿ ನೆಲ ಗೆಲ್ಲಲು ಹೊರಟ ಮೊದಲ ದೊಡ್ಡ ಕಾರ್ಯಾಚರಣೆ 1987ರ ಮೇ ತಿಂಗಳಿನ ವಡಮರಾಚ್ಚಿ ದಾಳಿ. ಜಾಫ್ನಾದ ಈಶಾನ್ಯ ಭಾಗ ಕೈವಶವಾಗುತ್ತಿದ್ದಂತೆ ಭಾರತ ನಡುವೆ ಬಂತು. ಪರಿಹಾರ ಸಾಮಗ್ರಿ ಹೊತ್ತ ದೋಣಿಗಳನ್ನು ಶ್ರೀಲಂಕಾ ನೌಕಾಪಡೆ ತಡೆದು ವಾಪಸ್ ಕಳಿಸಿದ ಮರುದಿನ, ಜೂನ್ 4ರಂದು, ಆಂಟೊನೊವ್ ಸರಕು ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಹೋಗಿ ಜಾಫ್ನಾದ ಮೇಲೆ ಆಹಾರದ ಮೂಟೆಗಳನ್ನು ಉದುರಿಸಿದವು. ಆ ಸರಕು ವಿಮಾನಗಳು ಮೇಲೇರಿದ್ದು ಬೆಂಗಳೂರಿನಿಂದ. ಇಳಿಸಿದ ಆಹಾರ ಇಪ್ಪತ್ತೈದು ಟನ್ ಆಸುಪಾಸಿನದು, ಲಕ್ಷಾಂತರ ಜನರಿಗೆ ಅದು ಒಂದು ಹೊತ್ತಿನ ಊಟಕ್ಕೂ ಸಾಲದು. ಆದರೆ ಕೊಲಂಬೊಗೆ ತಲುಪಬೇಕಿದ್ದ ಸಂದೇಶ ತಲುಪಿತು. ಎರಡು ತಿಂಗಳೊಳಗೆ ಒಪ್ಪಂದವಾಗಿ ಭಾರತದ ಶಾಂತಿಪಾಲನಾ ಪಡೆ ಜಾಫ್ನಾಕ್ಕೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಅದೇ ಪಡೆ ಎಲ್‌ಟಿಟಿಇ ವಿರುದ್ಧ ಹೋರಾಡುತ್ತಿತ್ತು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲಘು ಪದಾತಿ ದಳದ ಮೂವತ್ತು ಮಂದಿಯಲ್ಲಿ ಬದುಕುಳಿದದ್ದು ಒಬ್ಬನೇ ಒಬ್ಬ. 1990ರ ಮಾರ್ಚ್‌ನಲ್ಲಿ ಭಾರತದ ಪಡೆ ಹಿಂದಿರುಗುವ ಹೊತ್ತಿಗೆ ಸುಮಾರು 1,200 ಯೋಧರು ಪ್ರಾಣ ಕಳೆದುಕೊಂಡಿದ್ದರು. ಮರುವರ್ಷ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅದರ ಸೂತ್ರಧಾರ, ಎಲ್‌ಟಿಟಿಇಯ ಶಿವರಾಸನ್ ಮತ್ತು ಅವನ ಸಂಗಡಿಗರು ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕಿದ್ದು ಇಲ್ಲಿನ ಹಿರಿಯ ಓದುಗರಿಗೆ ನೆನಪಿರಬಹುದು.

ಆ ಎರಡು ಘಟನೆಗಳ ನಡುವಿನ ವಾರಗಳಲ್ಲೇ ಆನೆಯಿರವಿನ ಮೊದಲ ಕದನ ನಡೆಯಿತು. 1991ರ ಜುಲೈ 10ರಂದು ಎಲ್‌ಟಿಟಿಇ ಅಲ್ಲಿನ ಸೇನಾ ಶಿಬಿರವನ್ನು ಎಲ್ಲ ಕಡೆಯಿಂದ ಮುತ್ತಿತು. ಒಳಗಿದ್ದದ್ದು ಸಿಂಹ ರೆಜಿಮೆಂಟಿನ ಕೆಲವು ನೂರು ಸೈನಿಕರು ಮಾತ್ರ. ಸುತ್ತಲಿನದು ಮರಗಿಡವಿಲ್ಲದ ಬಟಾಬಯಲು. ಓಡಿಬಂದು ಕಂದಕ ಹಾಯುವವರಿಗೆ ಮರೆಯೆಂಬುದೇ ಇರಲಿಲ್ಲ. ಅದಕ್ಕೆ ಎಲ್‌ಟಿಟಿಇ ಕಂಡುಕೊಂಡ ಉಪಾಯವೆಂದರೆ ಬುಲ್ಡೋಜರ್‌ಗೆ ದಪ್ಪ ಉಕ್ಕಿನ ತಗಡು ಹೊದಿಸಿ, ಅದನ್ನು ನಡೆದಾಡುವ ಗೋಡೆಯಂತೆ ಮುಂದೆ ಬಿಟ್ಟು, ಅದರ ಹಿಂದೆ ಕಾಲಾಳುಗಳನ್ನು ನಡೆಸುವುದು. ಗುಂಡಿಗೆ ಜಗ್ಗದ ಆ ಯಂತ್ರ ಜುಲೈ 14ರಂದು ಶಿಬಿರದ ಅಂಚನ್ನು ಭೇದಿಸಲು ಹೊರಟಾಗ ಗಾಮಿನಿ ಕುಲರತ್ನೆ ಎಂಬ ಲ್ಯಾನ್ಸ್ ಕಾರ್ಪೊರಲ್ ಕೈಯಲ್ಲಿ ಗ್ರೆನೇಡ್ ಹಿಡಿದು ಓಡಿಹೋಗಿ, ಅದರ ಮೇಲೆ ಹತ್ತಿ, ಒಳಗಿದ್ದವರನ್ನು ಸಾಯಿಸಿ ತಾನೂ ಸತ್ತ. ಶ್ರೀಲಂಕಾ ತನ್ನ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ಪರಮ ವೀರ ವಿಭೂಷಣವನ್ನು ಅವನಿಗೆ ಮರಣೋತ್ತರವಾಗಿ ಕೊಟ್ಟಿತು.

ಆದರೆ ಶಿಬಿರ ಉಳಿದದ್ದು ಒಬ್ಬನ ಸಾಹಸದಿಂದಲ್ಲ, ಕಡಲಿನಿಂದ. ಪೂರ್ವ ಕರಾವಳಿಯ ವೆಟ್ರಿಲೈಕೇಣಿಯಲ್ಲಿ ಸಾವಿರಾರು ಸೈನಿಕರು ನೌಕೆಗಳಿಂದ ಇಳಿದರು. ಅಲ್ಲಿಂದ ಆನೆಯಿರವಿಗೆ ಹನ್ನೆರಡು ಕಿಲೋಮೀಟರ್ ಆಸುಪಾಸಿನ ದಾರಿ. ಅಷ್ಟನ್ನು ದಾಟಲು ಅವರಿಗೆ ಎರಡೂವರೆ ವಾರ ಹಿಡಿಯಿತು. ಕದನ ಮುಗಿದಾಗ ಎರಡೂ ಕಡೆ ನೂರಾರು ಹೆಣ ಬಿದ್ದಿದ್ದವು. ಕಡಲ ದಾರಿಯನ್ನು ತಾನೂ ಕಟ್ಟಿಕೊಳ್ಳದೆ ಇಂಥ ಶಿಬಿರ ಬೀಳಿಸಲಾಗದು ಎಂಬುದು ಎಲ್‌ಟಿಟಿಇಗೆ ಮನದಟ್ಟಾದದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ‘ಕಡಲ ಹುಲಿಗಳು’ ಎಂಬ ಅದರ ನೌಕಾವಿಭಾಗ ಮುಂದಿನ ವರ್ಷಗಳಲ್ಲಿ ಬೆಳೆದ ಪರಿ ನೋಡಿದರೆ ಈ ಊಹೆ ತಪ್ಪಿರಲಾರದು.

ನಂತರದ ಹತ್ತು ವರ್ಷ ತಕ್ಕಡಿ ಅತ್ತಿಂದಿತ್ತ ತೂಗಿತು. 1995ರ ಅಕ್ಟೋಬರ್‌ನಲ್ಲಿ ‘ರಿವಿರೆಸ’ ಕಾರ್ಯಾಚರಣೆ ಆರಂಭಿಸಿದ ಸೇನೆ ಡಿಸೆಂಬರ್ ಮೊದಲ ವಾರದಲ್ಲಿ ಜಾಫ್ನಾ ಪಟ್ಟಣದಲ್ಲಿ ಸಿಂಹಧ್ವಜ ಹಾರಿಸಿತು. ಎಲ್‌ಟಿಟಿಇ ಆಜ್ಞೆಯಂತೆ ಅಕ್ಟೋಬರ್ 30ರಂದು ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಊರು ತೊರೆದಿದ್ದರಿಂದ ಸೇನೆಗೆ ಸಿಕ್ಕಿದ್ದು ಖಾಲಿ ಪಟ್ಟಣ. ಏಳು ತಿಂಗಳ ನಂತರ, 1996ರ ಜುಲೈ 18ರಂದು, ಎಲ್‌ಟಿಟಿಇ ‘ಓಯದ ಅಲೆಗಳು’ ಎಂಬ ಹೆಸರಿನಲ್ಲಿ ಈಶಾನ್ಯ ಕರಾವಳಿಯ ಮುಲ್ಲೈತೀವು ಸೇನಾ ಶಿಬಿರದ ಮೇಲೆ ನೆಲದಿಂದಲೂ ಕಡಲಿನಿಂದಲೂ ಒಟ್ಟಿಗೇ ಎರಗಿತು. ಅಲ್ಲಿ ಸತ್ತ ಸೈನಿಕರ ಸಂಖ್ಯೆ 1,200ಕ್ಕೂ ಮೇಲು.

ಜಾಫ್ನಾ ಸೇನೆಯ ಕೈಯಲ್ಲಿದ್ದರೂ ಅಲ್ಲಿಗೆ ನೆಲದ ದಾರಿ ಇರಲಿಲ್ಲ. ಅಕ್ಕಿ, ಮದ್ದುಗುಂಡು, ರಜೆಗೆ ಹೋಗುವ ಸೈನಿಕ, ಎಲ್ಲವೂ ಪಲಾಲಿ ವಿಮಾನನಿಲ್ದಾಣ ಅಥವಾ ಕಾಂಕೇಸಂತುರೈ ಬಂದರಿನ ಮೂಲಕವೇ ಸಾಗಬೇಕಿತ್ತು. ಕ್ಯಾಂಡಿಯಿಂದ ಜಾಫ್ನಾವರೆಗಿನ, ಸುಮಾರು 320 ಕಿಲೋಮೀಟರ್ ಉದ್ದದ ಎ9 ಹೆದ್ದಾರಿಯ ವನ್ನಿ ಭಾಗ ಎಲ್‌ಟಿಟಿಇ ವಶದಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು 1997ರ ಮೇನಲ್ಲಿ ‘ಜಯಸಿಕುರುಯಿ’, ಅಂದರೆ ಖಚಿತ ವಿಜಯ ಎಂಬ ಕಾರ್ಯಾಚರಣೆ ಶುರುವಾಯಿತು. ಇಷ್ಟು ಧೈರ್ಯದ ಹೆಸರಿಟ್ಟು ಇಷ್ಟು ಕಡಿಮೆ ಫಲ ಕಂಡ ಕಾರ್ಯಾಚರಣೆ ಈ ಯುದ್ಧದಲ್ಲಿ ಇನ್ನೊಂದಿಲ್ಲ. ಹದಿನಾರು ತಿಂಗಳು ರಸ್ತೆಯುದ್ದಕ್ಕೂ ಇಂಚಿಂಚಾಗಿ ತೆವಳಿದ ಸೇನೆ ಮಾಂಕುಳಂ ತಲುಪುವಷ್ಟರಲ್ಲಿ, 1998ರ ಸೆಪ್ಟೆಂಬರ್‌ನಲ್ಲಿ, ಎಲ್‌ಟಿಟಿಇ ಆನೆಯಿರವಿನ ದಕ್ಷಿಣಕ್ಕಿರುವ ಕಿಲಿನೊಚ್ಚಿ ಪಟ್ಟಣವನ್ನು ಕಿತ್ತುಕೊಂಡಿತು. ಡಿಸೆಂಬರ್‌ನಲ್ಲಿ ಸರ್ಕಾರ ಕಾರ್ಯಾಚರಣೆ ನಿಲ್ಲಿಸಿತು. 1999ರ ನವೆಂಬರ್‌ನಲ್ಲಿ ‘ಓಯದ ಅಲೆಗಳು’ ಸರಣಿಯ ಮೂರನೇ ದಾಳಿ ಶುರುವಾದಾಗ, ಸೇನೆ ಒಂದೂವರೆ ವರ್ಷದಲ್ಲಿ ಗೆದ್ದಿದ್ದ ನೆಲದ ಬಹುಭಾಗ ಒಂದೇ ವಾರದಲ್ಲಿ ಕೈತಪ್ಪಿತು.

ಆನೆಯಿರವಿನ ಎರಡನೆಯ ಕದನ ಈ ಅಲೆಯ ಮೇಲೇರಿ ಬಂತು. ಈ ಸಲ ಎಲ್‌ಟಿಟಿಇ 1991ರಂತೆ ಶಿಬಿರಕ್ಕೆ ನೇರವಾಗಿ ಹಣೆ ಚಚ್ಚಿಕೊಳ್ಳಲಿಲ್ಲ. 2000ದ ಮಾರ್ಚ್ 26ರ ರಾತ್ರಿ ಕಡಲ ಹುಲಿಗಳ ದೋಣಿಗಳು ಬಾಲರಾಜ್ ಎಂಬ ದಳಪತಿಯ ಕೈಕೆಳಗಿನ ಹೋರಾಟಗಾರರನ್ನು ಶಿಬಿರದ ಬೆನ್ನ ಹಿಂದೆ, ಕುಡಾರಪ್ಪು ತೀರದಲ್ಲಿ ಇಳಿಸಿದವು. ಅವರು ಅಲ್ಲಿಂದ ಒಳನುಗ್ಗಿ ಇತ್ತಾವಿಲ್ ಬಳಿ ಎ9 ರಸ್ತೆಯ ಮೇಲೇ ಬೀಡುಬಿಟ್ಟು, ಎರಡೂ ಬದಿಯಿಂದ ಬಂದ ದಾಳಿಗಳನ್ನು ವಾರಗಟ್ಟಲೆ ತಾಳಿಕೊಂಡರು. ಶಿಬಿರದ ದೌರ್ಬಲ್ಯ ಇದ್ದದ್ದು ಅದರ ಗೋಡೆಯಲ್ಲಲ್ಲ, ನೀರಿನಲ್ಲಿ. ಸುತ್ತೆಲ್ಲ ಉಪ್ಪುನೀರಾದ್ದರಿಂದ ಸಾವಿರಾರು ಸೈನಿಕರಿಗೆ ಕುಡಿಯುವ ನೀರು ಬರುತ್ತಿದ್ದದ್ದು ಉತ್ತರಕ್ಕಿರುವ ಇಯಕ್ಕಚ್ಚಿಯ ಬಾವಿಗಳಿಂದ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಆ ಬಾವಿಗಳೂ ಕೈಬಿಟ್ಟುಹೋದವು. ಏಪ್ರಿಲ್ 22ರಂದು ಸೇನೆ ಶಿಬಿರ ತೊರೆದು ಕಿಲಾಲಿ ಕರಾವಳಿಯತ್ತ ಹಿಮ್ಮೆಟ್ಟಿತು. ದಾರಿಯಲ್ಲಿ ಗುಂಡು ತಗಲದೆ ಬಾಯಾರಿಕೆಯಿಂದಲೇ ಕುಸಿದುಬಿದ್ದವರೂ ಇದ್ದರು.

ಅಲ್ಲಿಂದ ಜಾಫ್ನಾ ಪಟ್ಟಣಕ್ಕೆ ಹೆಚ್ಚು ದೂರವಿರಲಿಲ್ಲ. ಸರ್ಕಾರ ತರಾತುರಿಯಲ್ಲಿ ಬಹುನಳಿಕೆ ರಾಕೆಟ್ ಫಿರಂಗಿಗಳನ್ನು ತರಿಸಿತು, ಮುಹಮಾಲೈ ಗೆರೆಯಲ್ಲಿ ಸೇನೆ ಕಾಲೂರಿ ನಿಂತಿತು, ಪಟ್ಟಣ ಉಳಿಯಿತು. ಮರುವರ್ಷ ಜುಲೈ 24ರಂದು ಕೊಲಂಬೊ ಬಳಿಯ ಕಟುನಾಯಕೆ ವಿಮಾನನಿಲ್ದಾಣದ ಮೇಲೆ ಆತ್ಮಾಹುತಿ ದಾಳಿ ನಡೆದು ದೇಶದ ಆರ್ಥಿಕತೆಗೆ ದೊಡ್ಡ ಪೆಟ್ಟು ಬಿತ್ತು. ಇಬ್ಬರೂ ದಣಿದ ಹೊತ್ತಿನಲ್ಲಿ, ನಾರ್ವೆಯ ಮಧ್ಯಸ್ಥಿಕೆಯಲ್ಲಿ, 2002ರ ಫೆಬ್ರುವರಿಯಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು.

ಕದನವಿರಾಮದ ವರ್ಷಗಳೇ ಎಲ್‌ಟಿಟಿಇಯನ್ನು ಒಳಗಿನಿಂದ ಬದಲಾಯಿಸಿದವು. 2004ರ ಮಾರ್ಚ್‌ನಲ್ಲಿ ಪೂರ್ವ ಪ್ರಾಂತ್ಯದ ದಳಪತಿ ಕರುಣಾ ತನ್ನ ಪಡೆಯೊಂದಿಗೆ ಸಿಡಿದುಹೋದ. ಕಿಲಿನೊಚ್ಚಿಯಲ್ಲಿ ನ್ಯಾಯಾಲಯ, ಪೊಲೀಸ್ ಠಾಣೆ, ಬ್ಯಾಂಕು ನಡೆಸುತ್ತಿದ್ದ ಸಂಘಟನೆಗೆ ಈಗ ಕಾಯಬೇಕಾದ ಆಸ್ತಿ ಇತ್ತು, ಗಡಿ ಇತ್ತು. ಹಿಂದೆ ಶಿಬಿರದೊಳಗೆ ಕೂತು ಪೆಟ್ಟು ತಿಂದದ್ದು ಸೇನೆ. ಮುಂದೆ ಅದೇ ಸ್ಥಿತಿ ಹುಲಿಗಳಿಗೆ ಬಂತು. 2006ರ ಜುಲೈನಲ್ಲಿ ಎಲ್‌ಟಿಟಿಇ ಮಾವಿಲ್ ಆರು ಎಂಬಲ್ಲಿ ನೀರಾವರಿ ಕಾಲುವೆಯ ತೂಬು ಮುಚ್ಚಿ, ಕೆಳಗಿನ ಸಾವಿರಾರು ರೈತ ಕುಟುಂಬಗಳ ನೀರು ನಿಲ್ಲಿಸಿತು. ಕೊನೆಯ ಹಂತದ ಯುದ್ಧ ಹೊತ್ತಿಕೊಂಡದ್ದು ಆ ತೂಬಿನಿಂದ.

ಈ ಸಲ ಸೇನೆಯೂ ಹಳೆಯದಾಗಿರಲಿಲ್ಲ. ದಂಡನಾಯಕ ಶರತ್ ಫೊನ್ಸೆಕಾ ಕಾಲದಲ್ಲಿ ಅದರ ಬಲ ಎರಡು ಲಕ್ಷದ ಹತ್ತಿರ ಬೆಳೆಯಿತು. ಒಂದೇ ರಸ್ತೆ ಹಿಡಿದು ಹೋಗುವುದನ್ನು ಬಿಟ್ಟು ಹಲವು ದಿಕ್ಕುಗಳಿಂದ ಒಟ್ಟಿಗೇ ಒತ್ತುವುದು, ಕಾಡಿನೊಳಗೆ ಸಣ್ಣ ತಂಡಗಳನ್ನು ಬಿಡುವುದು ಹೊಸ ಪದ್ಧತಿಯಾಯಿತು. ಅಷ್ಟೇ ಮುಖ್ಯವಾದದ್ದು ನಡುಗಡಲಿನಲ್ಲಿ ನಡೆದದ್ದು: 2007ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ನೌಕಾಪಡೆ ತನ್ನ ತೀರದಿಂದ ಸಾವಿರ ಕಿಲೋಮೀಟರ್‌ಗೂ ಆಚೆ ಹೋಗಿ ಎಲ್‌ಟಿಟಿಇಯ ಶಸ್ತ್ರಾಸ್ತ್ರ ಹಡಗುಗಳನ್ನು ಮುಳುಗಿಸಿತು. ಮದ್ದುಗುಂಡಿನ ಹೊಸ ಸರಕು ನಿಂತುಹೋಯಿತು. 2007ರ ಜುಲೈ ವೇಳೆಗೆ ಪೂರ್ವ ಪ್ರಾಂತ್ಯ ಪೂರ್ತಿ ಸೇನೆಯದಾಗಿತ್ತು. 2008ರ ನವೆಂಬರ್ 15ರಂದು ಪೂನೆರಿನ್, 2009ರ ಜನವರಿ 2ರಂದು ಕಿಲಿನೊಚ್ಚಿ ಬಿದ್ದವು. ಜನವರಿ 9ರಂದು ಸೇನೆ ಆನೆಯಿರವಿಗೆ ಕಾಲಿಟ್ಟಿತು. ಮೊದಲ ಎರಡು ಕದನಗಳಲ್ಲಿ ಸಾವಿರಾರು ಜನರನ್ನು ನುಂಗಿದ ಆ ನೆಲವನ್ನು, ದಕ್ಷಿಣದಿಂದಲೂ ಉತ್ತರದಿಂದಲೂ ಒತ್ತಡ ಬಿದ್ದ ಮೇಲೆ, ಹುಲಿಗಳು ಹೆಚ್ಚು ಹೋರಾಡದೆ ಬಿಟ್ಟುಹೋಗಿದ್ದರು.

ಮುಂದಿನ ನಾಲ್ಕು ತಿಂಗಳನ್ನು ಕದನಗಳ ಪಟ್ಟಿಯಾಗಿ ಬರೆಯಲು ಮನಸ್ಸಾಗುವುದಿಲ್ಲ. ಏಪ್ರಿಲ್ ಮೊದಲ ವಾರ ಆನಂದಪುರಂನಲ್ಲಿ ಎಲ್‌ಟಿಟಿಇಯ ಹಿರಿಯ ದಳಪತಿಗಳು ಸುತ್ತುವರಿಯಲ್ಪಟ್ಟು ಸತ್ತಾಗಲೇ ಸೈನಿಕ ದೃಷ್ಟಿಯಿಂದ ಯುದ್ಧ ತೀರ್ಮಾನವಾಗಿತ್ತು. ಆದರೆ ನಂದಿಕಡಲ್ ಹಿನ್ನೀರು ಮತ್ತು ಸಮುದ್ರದ ನಡುವಿನ ಮರಳುಪಟ್ಟಿಯಲ್ಲಿ ಲಕ್ಷಾಂತರ ಜನ ಟಾರ್ಪಾಲಿನ್ ಡೇರೆಗಳಡಿ ಸಿಕ್ಕಿಬಿದ್ದಿದ್ದರು. ಸರ್ಕಾರವೇ ಗುಂಡಿನ ದಾಳಿ ನಿಷಿದ್ಧವೆಂದು ಸಾರಿದ ವಲಯದೊಳಗೂ ಶೆಲ್‌ಗಳು ಬಿದ್ದವು, ಆಸ್ಪತ್ರೆಗಳ ಮೇಲೂ ಬಿದ್ದವು. ಹೊರಗೋಡಲು ಹೊರಟವರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸಿತು, ಮಕ್ಕಳನ್ನು ಎಳೆದೊಯ್ದು ಕೈಗೆ ಬಂದೂಕು ಕೊಟ್ಟಿತು. ಏಪ್ರಿಲ್ 20ರಂದು ಪುದುಮಾತ್ತಳನ್‌ನ ಮಣ್ಣಿನ ಒಡ್ಡನ್ನು ಸೇನೆ ಒಡೆದ ಮೇಲೆ ಕೆಲವೇ ದಿನಗಳಲ್ಲಿ ಲಕ್ಷದಷ್ಟು ಜನ ಸೊಂಟಮಟ್ಟದ ನೀರಿನಲ್ಲಿ ನಡೆದು ಹೊರಬಂದರು. ಮೇ 18ರಂದು ಸರ್ಕಾರ ಯುದ್ಧ ಮುಗಿಯಿತೆಂದಿತು. ಮರುದಿನ ಪ್ರಭಾಕರನ್ ಶವವನ್ನು ತೋರಿಸಲಾಯಿತು. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದವರೆಗೆ ಇರಬಹುದೆಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಕೊಲಂಬೊ ಅದನ್ನು ಒಪ್ಪಲಿಲ್ಲ. ಕಾಣೆಯಾದ ಮಕ್ಕಳ ಭಾವಚಿತ್ರ ಹಿಡಿದ ತಾಯಂದಿರು 2017ರಿಂದ ಕಿಲಿನೊಚ್ಚಿಯ ರಸ್ತೆಬದಿಯಲ್ಲಿ ಧರಣಿ ಕೂತರು.

1990ರಲ್ಲಿ ನಿಂತುಹೋದ ‘ಯಾಳ್ ದೇವಿ’ ರೈಲು 2014ರ ಅಕ್ಟೋಬರ್‌ನಲ್ಲಿ ಮತ್ತೆ ಜಾಫ್ನಾ ತಲುಪಿತು. ಹಳಿಯ ಕಬ್ಬಿಣವನ್ನೂ ಮರದ ದಿಮ್ಮಿಗಳನ್ನೂ ಯುದ್ಧದ ವರ್ಷಗಳಲ್ಲಿ ಬಂಕರ್‌ಗಳಿಗೆ ಕಿತ್ತು ಬಳಸಿದ್ದರಿಂದ ಇಡೀ ದಾರಿಯನ್ನು ಹೊಸದಾಗಿ ಹಾಸಬೇಕಾಯಿತು. ಕುಲರತ್ನೆ ಹತ್ತಿದ್ದ ಬುಲ್ಡೋಜರ್ ಆನೆಯಿರವಿನ ಹೆದ್ದಾರಿ ಬದಿಯಲ್ಲಿ ಈಗ ಸೇನಾ ಸ್ಮಾರಕವಾಗಿ ನಿಂತಿದೆ. ದಕ್ಷಿಣದಿಂದ ಬರುವ ಪ್ರವಾಸಿ ಬಸ್ಸುಗಳು ಅಲ್ಲಿ ನಿಲ್ಲುತ್ತವೆ.