ಟೋನಿ ಹಾಕ್ ಆಟವನ್ನು ಮುಗಿಸಿದ್ದು ‘ಸ್ಕೇಟ್’ ಆಟವೇ?

ಪ್ರಶ್ನೆ: ಅಮೆರಿಕದ ಸ್ಕೇಟ್‌ಬೋರ್ಡ್ (ಗಾಲಿ ಹಲಗೆ) ಪಟು ಟೋನಿ ಹಾಕ್ ಹೆಸರಿನ ವಿಡಿಯೊ ಗೇಮ್ ಒಂದು ಕಾಲದಲ್ಲಿ ವರ್ಷವರ್ಷವೂ ಬರುತ್ತಿತ್ತು. ಆಮೇಲೆ ಮರೆಯಾಯಿತು. ಎದುರಾಳಿ ‘ಸ್ಕೇಟ್’ ಬಂದದ್ದೇ ಅದಕ್ಕೆ ಕಾರಣವೇ?

ಉತ್ತರ: ‘ಸ್ಕೇಟ್’ ಪೆಟ್ಟು ಕೊಟ್ಟದ್ದು ನಿಜ. ಆದರೆ ಪೆಟ್ಟು ಬೀಳುವ ಹೊತ್ತಿಗೆ ಹಳೆಯ ಸರಣಿ ಆಗಲೇ ಏದುಸಿರು ಬಿಡುತ್ತಿತ್ತು.

‘ಟೋನಿ ಹಾಕ್ಸ್ ಪ್ರೊ ಸ್ಕೇಟರ್’ ಬಂದದ್ದು 1999ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಹಾಕ್ ಎಕ್ಸ್ ಗೇಮ್ಸ್ ಎಂಬ ಸಾಹಸಕ್ರೀಡೆಗಳ ಕೂಟದಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಇಳಿದಿದ್ದರು. ಆಟಕ್ಕೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ನೆವರ್‌ಸಾಫ್ಟ್ ಸಂಸ್ಥೆಯ ಆ ಆಟದಲ್ಲಿ ಎರಡು ನಿಮಿಷದ ಗಡಿಯಾರ ಓಡುತ್ತಿತ್ತು. ಅಷ್ಟರೊಳಗೆ ಸಿಕ್ಕಷ್ಟು ಅಂಕ ಬಾಚಿಕೊಳ್ಳಬೇಕು. ಎರಡನೆಯ ಆಟದಲ್ಲಿ ಎರಡೇ ಗಾಲಿಯ ಮೇಲೆ ಸಾಗುವ ‘ಮ್ಯಾನುಯಲ್’, ಮೂರನೆಯದರಲ್ಲಿ ಇಳಿಜಾರಿಗೆ ಇಳಿದೊಡನೆ ಹಲಗೆ ತಿರುಗಿಸುವ ‘ರಿವರ್ಟ್’ ಸೇರಿದ ಮೇಲೆ ಒಂದು ಕಸರತ್ತಿಗೆ ಇನ್ನೊಂದನ್ನು ಪೋಣಿಸುತ್ತ ನೆಲಕ್ಕೆ ಬೀಳದೆ ಇಡೀ ಬಡಾವಣೆ ಸುತ್ತಬಹುದಿತ್ತು. ನಿಜವಾದ ಹಲಗೆಯ ಮೇಲೆ ಯಾರಿಂದಲೂ ಆಗದ ಕೆಲಸ ಅದು. ಸುಖವೂ ಅಲ್ಲೇ ಇತ್ತು.

ವರ್ಷಕ್ಕೊಂದರಂತೆ ಬಂದ ಆಟಗಳು ಅದಕ್ಕೆ ಕಥೆ, ಹಾಸ್ಯ, ವಾಹನ ಹೀಗೆ ಏನೇನನ್ನೋ ತುರುಕುತ್ತ ಹೋದವು. 2002ರ ನಾಲ್ಕನೆಯ ಆಟದಲ್ಲಿ ಮುಖ್ಯ ಆಟದಿಂದ ಆ ಗಡಿಯಾರವೇ ಹೋಯಿತು.

2007ರಲ್ಲಿ ಇಎ ಎಂಬ ಗೇಮ್ ಕಂಪನಿ ‘ಸ್ಕೇಟ್’ ಆಟವನ್ನು ತಂದಿತು. ಅದರ ಬಂಡವಾಳವೆಲ್ಲ ಕೈಯ ಚಲನೆಯಲ್ಲಿತ್ತು. ಟೋನಿ ಹಾಕ್ ಆಟದಲ್ಲಿ ನೆಗೆತವೆಂದರೆ ಒಂದು ಗುಂಡಿ. ಇಲ್ಲಿ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನ ಬಲಗಡೆಯ ಕಡ್ಡಿಯನ್ನು ಕೆಳಕ್ಕೆ ಎಳೆದು ಥಟ್ಟನೆ ಮೇಲಕ್ಕೆ ಚಿಮ್ಮಿಸಬೇಕು, ಸವಾರ ಹಿಂಗಾಲಿನಿಂದ ಹಲಗೆಯ ಬಾಲ ಮೆಟ್ಟಿ ಹಾರುವ ಹಾಗೆ. ಒಂದು ಮೆಟ್ಟಿಲಸಾಲು ದಾಟಲು ಇಪ್ಪತ್ತು ಸಲ ಬೀಳುವುದೂ ಆಟವೇ ಎಂದು ಜನ ಒಪ್ಪಿಕೊಂಡರು. ಅದೇ ವರ್ಷ ಬಂದ ಟೋನಿ ಹಾಕ್ ಆಟ ‘ಪ್ರೂವಿಂಗ್ ಗ್ರೌಂಡ್’ ಅದರ ಮುಂದೆ ಮಂಕಾಯಿತು.

ಆಮೇಲಿನದು, ನನ್ನ ಲೆಕ್ಕದಲ್ಲಿ, ಸ್ವಯಂಕೃತಾಪರಾಧ. ಟೋನಿ ಹಾಕ್ ಸರಣಿಯ 2009ರ ‘ರೈಡ್’ ಆಟವನ್ನು ಪ್ಲಾಸ್ಟಿಕ್ ಹಲಗೆಯ ಮೇಲೆ ನಿಂತು ಆಡಬೇಕಿತ್ತು. ಹಲಗೆ ದುಬಾರಿ, ಹೇಳಿದ ಮಾತೂ ಕೇಳುತ್ತಿರಲಿಲ್ಲ. 2015ರ ‘ಪ್ರೊ ಸ್ಕೇಟರ್ 5’ ದೋಷಗಳ ಮೂಟೆಯಾಗಿ ಬಂತು.

ಗೆದ್ದ ಎದುರಾಳಿಯೂ ಮೆರೆಯಲಿಲ್ಲ ಎಂಬುದು ತಮಾಷೆ. 2010ರ ‘ಸ್ಕೇಟ್ 3’ ನಂತರ ಇಎ ಆ ಸರಣಿಯಲ್ಲಿ ಹದಿನೈದು ವರ್ಷ ಹೊಸ ಆಟ ತರಲಿಲ್ಲ. ‘ಸ್ಕೇಟ್ 3’ ಆಟವನ್ನು ಅಷ್ಟು ಕಾಲ ಜೀವಂತವಾಗಿಟ್ಟವರಲ್ಲಿ ಯೂಟ್ಯೂಬ್‌ನವರ ಪಾಲು ದೊಡ್ಡದು. ಕೈಕಾಲು ಸೊಟ್ಟಗಾಗಿ ಆಕಾಶಕ್ಕೆ ಚಿಮ್ಮುವ ಸವಾರರ ವಿಡಿಯೊಗಳಿಂದಾಗಿ, ದೋಷವೇ ಅದರ ಹೆಸರುವಾಸಿಗೆ ಕಾರಣವಾಯಿತು. ನಡುವಿನ ಖಾಲಿ ಜಾಗಕ್ಕೆ ‘ಸೆಷನ್’, ‘ಸ್ಕೇಟರ್ ಎಕ್ಸ್‌ಎಲ್’ ತರಹದ ಸಣ್ಣ ತಂಡಗಳ ಆಟಗಳು ಬಂದವು. ಇವು ಒಂದೊಂದು ಕಡ್ಡಿಗೆ ಒಂದೊಂದು ಕಾಲನ್ನು ಕೊಟ್ಟು ನೈಜತೆಗಾಗಿ ‘ಸ್ಕೇಟ್’ಗಿಂತಲೂ ಪಟ್ಟುಹಿಡಿದವು.

ಟೋನಿ ಹಾಕ್ ಮರಳಿ ಎದ್ದು ನಿಂತದ್ದು 2020ರಲ್ಲಿ, ಮೊದಲೆರಡು ಆಟಗಳ ಹೊಸ ರೂಪದಿಂದ. ಎರಡು ವಾರದಲ್ಲಿ ಹತ್ತು ಲಕ್ಷ ಪ್ರತಿಗಳು ಹೋದವು. 2025ರಲ್ಲಂತೂ ಎರಡೂ ಬಣಗಳು ಮತ್ತೆ ಎದುರುಬದುರಾದವು. ಹೊಸ ‘ಸ್ಕೇಟ್’ ಉಚಿತವಾಗಿ ಬಂತು, ಇಂಟರ್ನೆಟ್ ಸಂಪರ್ಕವಿಲ್ಲದೆ ಆಡಲಾಗದು, ಒಳಗೆ ಅಂಗಡಿಯಿದೆ. ಹಳೆಯ ಅಭಿಮಾನಿಗಳು ಗೊಣಗಿದರು. ಟೋನಿ ಹಾಕ್ ಮೂರು ಮತ್ತು ನಾಲ್ಕನೆಯ ಆಟಗಳ ಹೊಸ ರೂಪ ಬಂದಾಗ ಗೊಣಗಾಟಕ್ಕೆ ಬೇರೆಯೇ ಕಾರಣವಿತ್ತು: ನಾಲ್ಕನೆಯ ಆಟಕ್ಕೆ ಎರಡು ನಿಮಿಷದ ಗಡಿಯಾರವನ್ನು ಮತ್ತೆ ಕಟ್ಟಿದ್ದರು.