ತಪ್ಪು ಲೆಕ್ಕದ ಪಕ್ಕದಲ್ಲಿ

ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಬಿಡದೆ ಸುರಿಯುತ್ತಿದ್ದ ಒಂದು ಬೆಳಗ್ಗೆ, ಮೂರನೆಯ ತರಗತಿಯ ಹುಡುಗಿಯೊಬ್ಬಳು 52ರಿಂದ 27ನ್ನು ಕಳೆದು ಸ್ಲೇಟಿನ ಮೇಲೆ 35 ಎಂದು ಬರೆದಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತ ಕೂಡಲೇ ಅದನ್ನು ಅಂಗೈಯಿಂದ ಒರೆಸಿಹಾಕಿ, ‘ನಂಗೆ ಲೆಕ್ಕ ಬರಲ್ಲ ಸಾರ್’ ಎಂದಳು. ನಾನಿನ್ನೂ ಏನನ್ನೂ ಕೇಳಿರಲಿಲ್ಲ.

ಎಂಟು ವರ್ಷದ ಆ ಮಗು ಒಂದು ಲೆಕ್ಕದ ವಿಷಯ ಹೇಳಲಿಲ್ಲ, ತನ್ನ ವಿಷಯ ಹೇಳಿತು. ಕನ್ನಡದಲ್ಲಿ ‘ಬರುವುದಿಲ್ಲ’ ಎಂಬ ಕ್ರಿಯಾರೂಪ ಇಂದಿಗೂ ಮುಂದಿಗೂ ಒಂದೇ ಆದ್ದರಿಂದ, ಇವತ್ತು ಗೊತ್ತಿಲ್ಲ ಎಂಬುದೂ ಎಂದಿಗೂ ಆಗದು ಎಂಬುದೂ ಆ ಒಂದೇ ಮಾತಿನೊಳಗೆ ಸೇರಿಕೊಂಡಿರುತ್ತವೆ. ‘ಇನ್ನೂ ಬಂದಿಲ್ಲ’ ಎಂಬ ಮಾತೂ ನಮ್ಮಲ್ಲಿ ಇದೆಯಾದರೂ, ತರಗತಿಗಳಲ್ಲಿ ಅದು ಕಿವಿಗೆ ಬೀಳುವುದು ಕಡಿಮೆ. ಈ ಎರಡು ಮಾತುಗಳ ನಡುವಿನ ಅಂತರವನ್ನೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರಲ್ ಡ್ವೆಕ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಬುದ್ಧಿಶಕ್ತಿಯೆಂಬುದು ಹುಟ್ಟುವಾಗಲೇ ಅಳೆದು ಕೊಟ್ಟದ್ದು ಎಂಬ ನಂಬಿಕೆಗೆ ಸ್ಥಿರ ಮನೋಭಾವವೆಂದೂ, ಅದು ಅಭ್ಯಾಸದಿಂದ, ಸರಿಯಾದ ವಿಧಾನದಿಂದ, ಇತರರ ನೆರವಿನಿಂದ ಹೆಚ್ಚುವಂಥದ್ದು ಎಂಬ ನಂಬಿಕೆಗೆ ಬೆಳೆಯುವ ಮನೋಭಾವವೆಂದೂ ಹೆಸರು.

ಡ್ವೆಕ್ ಮತ್ತು ಅವರ ಸಹೋದ್ಯೋಗಿ ಕ್ಲಾಡಿಯಾ ಮ್ಯುಲ್ಲರ್ 1998ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಈ ವಿಷಯದ ಅತ್ಯಂತ ಪ್ರಸಿದ್ಧ ಪ್ರಯೋಗವಾಗಿದೆ. ಐದನೆಯ ತರಗತಿಯ ಮಕ್ಕಳಿಗೆ ಆಕೃತಿಗಳನ್ನು ಹೊಂದಿಸುವ ಸುಲಭವಾದ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಇದರಲ್ಲಿ ಜಾಣನಿರಬೇಕು’ ಎಂದೂ, ಇನ್ನು ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟಿರಬೇಕು’ ಎಂದೂ ಹೇಳಲಾಯಿತು. ವ್ಯತ್ಯಾಸ ಅಷ್ಟೇ, ಒಂದು ವಾಕ್ಯ. ಮುಂದೆ ಯಾವ ಬಗೆಯ ಒಗಟು ಬೇಕೆಂದು ಕೇಳಿದಾಗ, ಶ್ರಮದ ಮಾತು ಕೇಳಿದವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಕ್ಕಳು ಹೊಸತೇನಾದರೂ ಕಲಿಯಲು ಸಿಗುವ ಒಗಟುಗಳನ್ನು ಆರಿಸಿಕೊಂಡರೆ, ಜಾಣತನದ ಮಾತು ಕೇಳಿದವರಲ್ಲಿ ಮೂರನೆಯ ಎರಡರಷ್ಟು ಮಕ್ಕಳು ತಮ್ಮ ಜಾಣತನ ಉಳಿದುಕೊಳ್ಳುವ ಒಗಟುಗಳತ್ತ ಕೈಚಾಚಿದರು. ಬಳಿಕ ಎಲ್ಲರಿಗೂ ಕಠಿಣವಾದ ಒಗಟುಗಳನ್ನು ಕೊಟ್ಟು ಸೋಲಿಸಿದಾಗ ಜಾಣರೆನಿಸಿಕೊಂಡವರು ಬೇಗ ಬೇಸತ್ತರು. ಮತ್ತೆ ಮೊದಲಿನಷ್ಟೇ ಸುಲಭದ ಒಗಟುಗಳು ಬಂದಾಗಲೂ ಅವರ ಅಂಕ ಹಿಂದಿನದಕ್ಕಿಂತ ಇಳಿಯಿತು. ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಒಂದು ಸಂಗತಿ. ಬೇರೊಂದು ಶಾಲೆಯ ಅಪರಿಚಿತ ಮಗುವಿಗೆ ತಮ್ಮ ಅಂಕವನ್ನು ಬರೆದು ತಿಳಿಸುವಂತೆ ಹೇಳಿದಾಗ, ಜಾಣರೆನಿಸಿಕೊಂಡವರಲ್ಲಿ ನೂರಕ್ಕೆ 38ರಷ್ಟು ಮಕ್ಕಳು ಸುಳ್ಳು ಬರೆದರು.

ಹೊಗಳಿಕೆಯ ಭಾರಕ್ಕೆ ತಪ್ಪನ್ನು ಮುಚ್ಚಿಡುವ ಈ ಕಥೆ ಹಾಸನ ಜಿಲ್ಲೆಯವರಿಗೆ ಹೊಸದಲ್ಲ. ಬೇಲೂರಿಗೆ ಶಾಲಾ ಪ್ರವಾಸ ಬರುವ ಪ್ರತಿಯೊಂದು ಮಗುವೂ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಜಕಣಾಚಾರಿಯ ಕಥೆ ಕೇಳುತ್ತದೆ. ಯಾರೋ ಒಬ್ಬ ಹುಡುಗ ಬಂದು ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದಾಗ, ಮಹಾಶಿಲ್ಪಿ ‘ತೋರಿಸು ನೋಡೋಣ’ ಎಂದು ಕುತೂಹಲಪಡುವುದಿಲ್ಲ. ದೋಷವಿದ್ದರೆ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಪಣ ತೊಡುತ್ತಾನೆ. ಇದು ದಂತಕಥೆ, ಆ ಹೆಸರಿನ ಶಿಲ್ಪಿ ಅಲ್ಲಿ ಕೆಲಸ ಮಾಡಿದನೆಂಬುದಕ್ಕೆ ಶಾಸನಾಧಾರವಿಲ್ಲ. ಶಾಸನಾಧಾರವಿರುವ ಶಿಲ್ಪಿಯೊಬ್ಬನ ಕಥೆಯನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ತರೀಕೆರೆ ತಾಲ್ಲೂಕಿನ ಅಮೃತಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಕೆಲಸದಲ್ಲಿ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಅದೇ ಹೆಸರು ಐವತ್ತು ವರ್ಷಗಳ ಬಳಿಕ, 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೂ ಇದೆ. ಇವೆರಡೂ ಒಬ್ಬನದೇ ಕೈಯೆಂದು ಇತಿಹಾಸಕಾರರು ಪರಿಗಣಿಸುತ್ತಾರೆ. ಪವಾಡವೂ ಇಲ್ಲ, ಕಡಿದ ಕೈಯೂ ಇಲ್ಲ, ಐವತ್ತು ವರ್ಷಗಳ ಉಳಿಯ ಕೆಲಸವಿದೆ. ಕಥೆಯಾಗಿ ಇದು ಸಪ್ಪೆ ಎನ್ನುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ.

ಕಲಿತರೆ ಮಿದುಳು ಸ್ನಾಯುವಿನಂತೆ ಬೆಳೆಯುತ್ತದೆ ಎಂದು ಮಕ್ಕಳಿಗೆ ಹೇಳುವ ರೂಢಿ ಈಗ ಬಂದಿದೆ. ಅದು ಹೋಲಿಕೆ ಮಾತ್ರ. ನಿಜವಾಗಿ ಬದಲಾಗುವುದು ನರಕೋಶಗಳ ನಡುವಿನ ಸಂಪರ್ಕಗಳು: ಮತ್ತೆಮತ್ತೆ ಬಳಕೆಯಾದವು ಬಲಗೊಳ್ಳುತ್ತವೆ, ಬಳಕೆ ತಪ್ಪಿದವು ಸೊರಗುತ್ತವೆ. 2004ರಲ್ಲಿ ಜರ್ಮನಿಯ ಸಂಶೋಧಕರು, ಮೂರು ಚೆಂಡುಗಳನ್ನು ಒಂದರ ಹಿಂದೊಂದು ಮೇಲಕ್ಕೆಸೆದು ಹಿಡಿಯುವ ಆಟವನ್ನು ವಯಸ್ಕರಿಗೆ ಮೂರು ತಿಂಗಳು ಅಭ್ಯಾಸ ಮಾಡಿಸಿ ಎಂಆರ್‌ಐ ಚಿತ್ರ ತೆಗೆದಾಗ, ಚಲನೆಯನ್ನು ಗ್ರಹಿಸುವ ಭಾಗದಲ್ಲಿ ಬೂದುದ್ರವ್ಯ ಹೆಚ್ಚಿದ್ದು ಕಂಡಿತು. ಅಭ್ಯಾಸ ನಿಲ್ಲಿಸಿ ಮತ್ತೆ ಮೂರು ತಿಂಗಳಾದ ಮೇಲೆ ನೋಡಿದರೆ ಆ ಹೆಚ್ಚಳ ಬಹುಮಟ್ಟಿಗೆ ಇಳಿದಿತ್ತು. ಮಲೆನಾಡಿನ ಮಕ್ಕಳಿಗೆ ಇದನ್ನು ಹೇಳಲು ಸ್ನಾಯುವಿಗಿಂತ ತೋಟದ ಕಾಲುದಾರಿ ಒಳ್ಳೆಯ ಹೋಲಿಕೆ: ದಿನಾ ನಡೆದರೆ ದಾರಿ, ಒಂದು ಮಳೆಗಾಲ ಬಿಟ್ಟರೆ ಕಾಡು. ಲಖನೌ ಬಳಿಯ ಹಳ್ಳಿಗಳಲ್ಲಿ ಓದು ಬರಹವಿಲ್ಲದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಲಿಪಿಯನ್ನು ಕಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವೂ ಮಿದುಳಿನ ದೃಷ್ಟಿ ಸಂಬಂಧಿ ಜಾಲಗಳಲ್ಲಿ ಬದಲಾವಣೆಯನ್ನು ಗುರುತಿಸಿತು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಕಲಿಕೆಗೆ ಅನ್ವಯಿಸುವ ಮುನ್ನ ಆ ಮೂವತ್ತರ ವಯಸ್ಸಿನ ವಿದ್ಯಾರ್ಥಿಗಳನ್ನು ನೆನೆಯಬೇಕು.

ಇಷ್ಟಾದ ಮೇಲೆ, ಬುದ್ಧಿ ಬೆಳೆಯುತ್ತದೆಂಬ ನಂಬಿಕೆಯನ್ನು ಮಕ್ಕಳಲ್ಲಿ ಬಿತ್ತಿಬಿಟ್ಟರೆ ಫಲಿತಾಂಶ ತಾನಾಗಿಯೇ ಏರುತ್ತದೆಂದು ಯಾರಿಗಾದರೂ ಅನಿಸಬಹುದು. ವಿಜ್ಞಾನ ಹಾಗೆ ಹೇಳುತ್ತಿಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಇಂತಹ ಕಾರ್ಯಕ್ರಮಗಳ ಸರಾಸರಿ ಪರಿಣಾಮ ತೀರಾ ಚಿಕ್ಕದಾಗಿತ್ತು. ಇಂಗ್ಲೆಂಡಿನ ಸುಮಾರು 100 ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳೊಡನೆ ನಡೆಸಿ 2019ರಲ್ಲಿ ವರದಿ ಮಾಡಿದ ಪರೀಕ್ಷೆಯಲ್ಲಿ ಓದಿನಲ್ಲಾಗಲಿ ಗಣಿತದಲ್ಲಾಗಲಿ ಹೆಚ್ಚುವರಿ ಪ್ರಗತಿ ಕಾಣಲಿಲ್ಲ. ಅದೇ ವರ್ಷ ಪ್ರಕಟವಾದ, ಅಮೆರಿಕದ ಸುಮಾರು 12,000 ಒಂಬತ್ತನೆಯ ತರಗತಿ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ, ಕಲಿಕೆಯಲ್ಲಿ ಹಿಂದಿದ್ದವರ ಸರಾಸರಿ ಶ್ರೇಣಿಯು ನಾಲ್ಕು ಅಂಕಗಳ ಮಾಪನದಲ್ಲಿ 0.1ರಷ್ಟು ಏರಿತು. ಒಂದು ಗಂಟೆಗೆ ಇದು ಕಡಿಮೆಯೇನಲ್ಲ. ಆದರೆ ಪವಾಡವೂ ಅಲ್ಲ.

ಈ ಅಂಕಿಗಳು ನನಗೆ ನಿರಾಸೆ ತರುವುದಿಲ್ಲ. ಹಿಂದೊಮ್ಮೆ ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ನಮ್ಮೆಲ್ಲರನ್ನೂ ಎದ್ದು ನಿಲ್ಲಿಸಿ, ಚಪ್ಪಾಳೆ ತಟ್ಟಿಸುತ್ತ ‘ನನ್ನಿಂದ ಸಾಧ್ಯ’ ಎಂದು ಮೂರು ಬಾರಿ ಕೂಗಿಸಿದರು. ಸಾಧ್ಯವಾಗಬೇಕಾದದ್ದು ಏನು, ಹೇಗೆ ಎಂಬ ಮಾತು ಊಟದ ವಿರಾಮದವರೆಗೂ ಬರಲಿಲ್ಲ. ಗೋಡೆಯ ಮೇಲಿನ ಘೋಷಣೆಯಾಗಿ ಉಳಿದಾಗ ಈ ವಿಚಾರದಿಂದ ಪ್ರಯೋಜನವಿಲ್ಲ ಎನ್ನುವುದಕ್ಕಿಂತ, ಅಪಾಯವೂ ಇದೆ ಎನ್ನಬೇಕು. ದಾರಿ ತೋರಿಸದೆ ‘ಇನ್ನೂ ಪ್ರಯತ್ನಪಡು’ ಎಂದಷ್ಟೇ ಹೇಳಿದರೆ, ಮಗು ಅದೇ ತಪ್ಪನ್ನು ಹತ್ತು ಸಲ ಮಾಡಿ, ದಡ್ಡತನದ ಜೊತೆಗೆ ಸೋಮಾರಿತನದ ಆರೋಪವನ್ನೂ ಹೊತ್ತುಕೊಳ್ಳುತ್ತದೆ. ‘ಹಾಡ್ತಾ ಹಾಡ್ತಾ ರಾಗ’ ಎಂಬುದು ನಿಜ, ಆದರೆ ಅದೇ ಗಾದೆಯ ಉಳಿದರ್ಧ ‘ನರಳ್ತಾ ನರಳ್ತಾ ರೋಗ’ ಎಂದಿದೆಯಲ್ಲ.

ಹಾಗಾಗಿ ಆ ಸ್ಲೇಟಿನ 35ಕ್ಕೆ ಮರಳೋಣ. ಆ ಉತ್ತರ ಎಲ್ಲಿಂದ ಬಂತು? ಬಿಡಿಸ್ಥಾನದಲ್ಲಿ 2ರಿಂದ 7ನ್ನು ಕಳೆಯಲಾಗದೆ ಅವಳು ಏಳರಿಂದ ಎರಡನ್ನು ಕಳೆದಿದ್ದಾಳೆ. ಹತ್ತರ ಸ್ಥಾನದಲ್ಲಿ ಐದರಿಂದ ಎರಡು. ಅಂದರೆ ‘ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಒಂದನೆಯ ತರಗತಿಯಲ್ಲಿ ನಾವೇ ಹೇಳಿಕೊಟ್ಟ ನಿಯಮವನ್ನು ಆಕೆ ನಿಷ್ಠೆಯಿಂದ ಪಾಲಿಸಿದ್ದಾಳೆ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು ಮಕ್ಕಳ ವ್ಯವಕಲನದ ತಪ್ಪುಗಳನ್ನು ಕಂಪ್ಯೂಟರಿನ ನೆರವಿನಿಂದ ವರ್ಗೀಕರಿಸಿ, ಅವುಗಳಲ್ಲಿ ಬಹಳಷ್ಟು ಅಜಾಗರೂಕತೆಯಿಂದ ಆದವಲ್ಲ, ತಪ್ಪು ನಿಯಮವೊಂದನ್ನು ಕ್ರಮಬದ್ಧವಾಗಿ ಅನುಸರಿಸಿದ್ದರ ಫಲ ಎಂದು ತೋರಿಸಿದರು. ಅವರ ಪಟ್ಟಿಯಲ್ಲಿ ಈ ದೊಡ್ಡದರಿಂದ ಚಿಕ್ಕದು ಕಳೆಯುವ ತಪ್ಪೂ ಇದೆ. ಮೂಡಿಗೆರೆಯ ಹುಡುಗಿ ಪ್ರಪಂಚದ ಅಸಂಖ್ಯ ಮಕ್ಕಳ ಸಾಲಿನಲ್ಲಿ ನಿಂತು ಯೋಚಿಸುತ್ತಿದ್ದಳು.

ಅಲ್ಲಿನ ಶಿಕ್ಷಕಿ ಮಾಡಿದ್ದು ಸರಳವಾದ ಕೆಲಸ. ‘ಇದನ್ನು ಹೇಗೆ ಮಾಡಿದೆ, ನಂಗೂ ಹೇಳಿಕೊಡು’ ಎಂದು ಕೇಳಿದರು. ಮಗು ಹೇಳಿತು. ‘ದೊಡ್ಡದರಿಂದ ಚಿಕ್ಕದು ಕಳೆಯಬೇಕು ಅಂತ ನೆನಪಿಟ್ಟುಕೊಂಡಿದ್ದೀಯ. ಈಗ ಕಡ್ಡಿಯಲ್ಲಿ ಮಾಡಿ ನೋಡೋಣ’ ಎಂದು ಹತ್ತರ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟರು. ಏಳು ಬಿಡಿ ಕಡ್ಡಿ ಕೊಡಬೇಕಾದಾಗ ಕೈಯಲ್ಲಿ ಎರಡೇ ಇದ್ದವು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದ ಹುಡುಗಿ ತಾನಾಗಿಯೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಆಗ ಶಿಕ್ಷಕಿ ‘ಜಾಣೆ’ ಎನ್ನಲಿಲ್ಲ. ‘ಬಿಡಿ ಸಾಲದೆ ಬಂದಾಗ ಕಟ್ಟು ಬಿಚ್ಚಿದೆ ನೋಡು’ ಎಂದರು. ಮಗು ಏನು ಮಾಡಿತೋ ಅದನ್ನು ಹೆಸರಿಟ್ಟು ಹೇಳುವುದು ಎಂದರೆ ಇದೇ. ನಾಳೆ ಅವಳೊಬ್ಬಳೇ ಕುಳಿತಾಗ ಜಾಣತನ ಎಲ್ಲಿದೆಯೆಂದು ಹುಡುಕಲಾಗದು, ಕಟ್ಟನ್ನು ಬಿಚ್ಚಬಹುದು.

ಓದಿನ ವಿಷಯದಲ್ಲಿ ನಮ್ಮ ಆತುರ ಇನ್ನೂ ಹೆಚ್ಚು. ಇಂಗ್ಲಿಷಿನ 26 ಅಕ್ಷರಗಳನ್ನು ಪಕ್ಕದ ಮನೆಯ ಮಗು ಆರು ತಿಂಗಳಲ್ಲಿ ಒಪ್ಪಿಸಿತೆಂದು, ಎರಡನೆಯ ತರಗತಿಯಲ್ಲೂ ಒತ್ತಕ್ಷರದಲ್ಲಿ ಎಡವುವ ಮಗುವಿಗೆ ‘ಓದು ತಲೆಗೆ ಹತ್ತಲ್ಲ’ ಎಂದುಬಿಡುತ್ತೇವೆ. ಕಾಗುಣಿತವನ್ನು ಸೇರಿಸಿದರೆ ಕನ್ನಡದ ಮಗು ಗುರುತಿಸಬೇಕಾದ ಅಕ್ಷರರೂಪಗಳು 400ಕ್ಕೂ ಹೆಚ್ಚು, ಒತ್ತಕ್ಷರಗಳು ಬೇರೆ. ಸೋನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಜ್ಞಾನದ ಗಳಿಕೆ ನಾಲ್ಕನೆಯ ತರಗತಿಯಲ್ಲೂ ಮುಂದುವರಿದಿರುತ್ತದೆ. ಅದು ಲಿಪಿಯ ಸ್ವಭಾವ. ಅದರ ತಪ್ಪನ್ನು ಮಗುವಿನ ತಲೆಗೆ ಕಟ್ಟುವುದು ಅನ್ಯಾಯ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ತಮಿಳನ್ನೋ ಆಡುವ ಮಕ್ಕಳು ನಮ್ಮ ತೋಟಗಳ ಲೈನ್ ಮನೆಗಳಿಂದ ಬರುತ್ತಾರೆ. ಅವರು ಲಿಪಿಯ ಜೊತೆಗೆ ಭಾಷೆಯನ್ನೂ ಕಲಿಯುತ್ತಿರುತ್ತಾರೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಂತಹ ಮಕ್ಕಳ ಹಾಜರಿ ಏರುಪೇರಾಗುತ್ತದೆ, ಜುಲೈ ಆಗಸ್ಟಿನಲ್ಲಿ ಮಳೆಯ ರಜೆ. ಎಲ್ಲರೂ ಒಂದೇ ಪುಟದಲ್ಲಿರಬೇಕಾದ ತರಗತಿಗೆ ಹದಿನೈದು ದಿನ ಬಿಟ್ಟು ಬಂದ ಮಗು ತಾನು ದಡ್ಡನಾದೆನೆಂದೇ ತಿಳಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು ಯುನಿಸೆಫ್ ನೆರವಿನೊಂದಿಗೆ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಇದಕ್ಕೊಂದು ಉತ್ತರವಿದೆ. ಕಲಿಕೆಯ ಏಣಿಯಲ್ಲಿ ಪ್ರತಿ ಮಗುವಿನ ಮೆಟ್ಟಿಲು ಬೇರೆ. ಬಿಟ್ಟುಹೋದ ಮೆಟ್ಟಿಲಿನಿಂದಲೇ ಮುಂದುವರಿಕೆ. ಮನೋಭಾವ ಎಂಬ ಪದವನ್ನು ಎತ್ತದೆಯೇ, ‘ನೀನು ಇಲ್ಲಿಯವರೆಗೆ ಬಂದಿದ್ದೀಯ, ಮುಂದಿನದು ಇದು’ ಎಂದು ಮಗುವಿಗೆ ಕಣ್ಣಿಗೆ ಕಾಣುವಂತೆ ಹೇಳುವ ವ್ಯವಸ್ಥೆಯಿದು. ಮೂರು ತರಗತಿಗೆ ಒಬ್ಬರೇ ಶಿಕ್ಷಕರಿದ್ದು, ಅವರ ಅರ್ಧ ದಿನ ದಾಖಲೆ ತುಂಬುವುದರಲ್ಲಿ ಕಳೆದರೆ ಏಣಿ ಗೋಡೆಯ ಅಲಂಕಾರವಾಗುತ್ತದೆ ಎಂಬುದನ್ನೂ ಕಂಡಿದ್ದೇನೆ.

ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಮಗುವಿನ ಸಾಮರ್ಥ್ಯದ ಬಗ್ಗೆ ನಮ್ಮೂರುಗಳಲ್ಲಿ ತೀರ್ಪು ಕೊಡುವಾಗ ಅದರ ಮನೆತನವನ್ನೂ ಕೇರಿಯನ್ನೂ ಸೇರಿಸಿಯೇ ಕೊಡುತ್ತೇವೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಏಳನೆಯ ತರಗತಿಯ ಹುಡುಗರಿಗೆ ಚಕ್ರವ್ಯೂಹದ ಚಿತ್ರಗಳಲ್ಲಿ ದಾರಿ ಹುಡುಕುವ ಕೆಲಸ ಕೊಟ್ಟಿದ್ದರು. ಜಾತಿಯ ಪ್ರಸ್ತಾಪವಿಲ್ಲದಿದ್ದಾಗ ಮೇಲ್ಜಾತಿಯ ಮತ್ತು ಕೆಳಜಾತಿಯೆನಿಸಿಕೊಂಡ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹೆಸರು, ತಂದೆ ತಾತನ ಹೆಸರು, ಜಾತಿಯನ್ನು ಎಲ್ಲರೆದುರು ಓದಿ ಹೇಳಿದ ಗುಂಪುಗಳಲ್ಲಿ ಕೆಳಜಾತಿಯ ಹುಡುಗರು ಬಿಡಿಸಿದ ಚಕ್ರವ್ಯೂಹಗಳ ಸಂಖ್ಯೆ ಕುಸಿಯಿತು. ಹುಡುಗರು ಅಂಥವರೇ, ಕಾಗದವೂ ಅಂಥದ್ದೇ. ಮಗುವಿನ ನಂಬಿಕೆಯನ್ನು ತಿದ್ದಲು ಹೊರಟವರು ಮೊದಲು ಆ ಕೋಣೆಯಲ್ಲಿ ಏನನ್ನು ಗಟ್ಟಿಯಾಗಿ ಓದಲಾಗುತ್ತಿದೆ ಎಂದು ನೋಡಬೇಕಾಗುತ್ತದೆ. ಅಮೆರಿಕದ ಆ ದೊಡ್ಡ ಅಧ್ಯಯನದ ಮಾಹಿತಿಯನ್ನು ಮತ್ತೆ ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಲೇಖನ ಹೇಳಿದ್ದೂ ಇದನ್ನೇ: ಸಾಮರ್ಥ್ಯ ಬೆಳೆಯುತ್ತದೆಂದು ಗಣಿತದ ಶಿಕ್ಷಕರು ಸ್ವತಃ ನಂಬಿದ್ದ ತರಗತಿಗಳಲ್ಲಿ ಮಕ್ಕಳ ಗಣಿತದ ಶ್ರೇಣಿ ಸುಧಾರಿಸಿತು, ಶಿಕ್ಷಕರು ನಂಬದಿದ್ದ ಕಡೆ ಆ ಲಾಭ ಕಾಣಲಿಲ್ಲ.

ಮಳೆ ಕಡಿಮೆಯಾದ ಮೇಲೆ ಸೆಪ್ಟೆಂಬರಿನಲ್ಲಿ ಅದೇ ಶಾಲೆಗೆ ಮತ್ತೊಮ್ಮೆ ಹೋಗಿದ್ದೆ. ಆ ಹುಡುಗಿ 60ರಿಂದ 24ನ್ನು ಕಳೆದು 46 ಎಂದು ಬರೆದಿದ್ದಳು. ಸೊನ್ನೆಯಿಂದ ನಾಲ್ಕು ಹೋಗದೆಂದು ತಿಳಿದು ಕಟ್ಟನ್ನು ಬಿಚ್ಚಿದ್ದಾಳೆ, ಬಿಚ್ಚಿದ ಮೇಲೆ ಕಟ್ಟು ಒಂದು ಕಡಿಮೆಯಾಯಿತೆಂಬುದನ್ನು ಮರೆತಿದ್ದಾಳೆ. ತಪ್ಪೇ, ಆದರೆ ಜುಲೈ ತಿಂಗಳ ತಪ್ಪಲ್ಲ. ನಾನು ಪಕ್ಕದಲ್ಲಿ ಕುಳಿತಾಗ ಅವಳು ಸ್ಲೇಟನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿ, ಒರೆಸದೆ ಹಾಗೆಯೇ ಕೆಳಗಿಟ್ಟು, ಕಡ್ಡಿಯ ಡಬ್ಬಿ ತರಲು ಎದ್ದು ಹೋದಳು.